ಕಡತ ನಮ್ಮದು, ಜೋಡಣೆ ಯಾರದು?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಒದಗಿಸುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. 2015ರಲ್ಲಿ ಬಿಡುಗಡೆಯಾಗಿ ಒಂದು ದಶಕ ಕಾಲ ಕಚೇರಿ, ಬ್ಯಾಂಕು, ಮುದ್ರಣಾಲಯ, ಮನೆಗಳಲ್ಲಿ ಬೇರೂರಿದ್ದ ವ್ಯವಸ್ಥೆಯದು. ಆ ಸಂದರ್ಭದಲ್ಲಿ ನಡೆದ ಚರ್ಚೆ ಬಹುಮಟ್ಟಿಗೆ ಹಳೆಯ ಗಣಕಗಳ ಗತಿಯೇನು, ಭದ್ರತೆಯ ಪಾಡೇನು, ಹೊಸ ಯಂತ್ರಕ್ಕೆ ಖರ್ಚೆಷ್ಟು ಎಂಬ ಪ್ರಶ್ನೆಗಳ ಸುತ್ತಲೇ ತಿರುಗಿತು. ವಿಂಡೋಸ್ 11ಕ್ಕೆ ವಲಸೆ ಹೋದವರು ಎದುರಿಸಿದ ಇನ್ನೊಂದು ತೊಡಕು ಅಷ್ಟಾಗಿ ಗಮನಕ್ಕೆ ಬರಲಿಲ್ಲ. ವರ್ಷಗಳ ಅಭ್ಯಾಸದಿಂದ ಕೈಗೆ ಒಗ್ಗಿಸಿಕೊಂಡಿದ್ದ ಕಡತಗಳ ಜೋಡಣೆ ಅವರ ಕೈತಪ್ಪಿತ್ತು.

ಮೌಸಿನ ಬಲಗುಂಡಿ ಒತ್ತಿದರೆ ತೆರೆದುಕೊಳ್ಳುತ್ತಿದ್ದ ಉದ್ದನೆಯ ಪಟ್ಟಿಯನ್ನು ವಿಂಡೋಸ್ 11ರಲ್ಲಿ ಮೊಟಕುಗೊಳಿಸಲಾಗಿದೆ. ಹಳೆಯ ಆಯ್ಕೆಗಳಲ್ಲಿ ಹಲವು 'ಇನ್ನಷ್ಟು ಆಯ್ಕೆಗಳು' ಎಂಬ ಎರಡನೆಯ ಬಾಗಿಲಿನ ಹಿಂದೆ ಸರಿದಿವೆ. ಮೈಕ್ರೋಸಾಫ್ಟ್ ಖಾತೆಯ ಮೂಲಕ ಹೊಸ ಗಣಕವನ್ನು ಸಿದ್ಧಪಡಿಸಿಕೊಂಡವರಲ್ಲಿ ಅನೇಕರು, ತಮ್ಮ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳು ಒನ್‌ಡ್ರೈವ್ ಎಂಬ ದೂರದ ಉಗ್ರಾಣಕ್ಕೆ ತಳುಕು ಹಾಕಿಕೊಂಡಿರುವುದನ್ನು ತಡವಾಗಿ ಗಮನಿಸುತ್ತಾರೆ. ಅಲ್ಲಿ ಉಚಿತವಾಗಿ ದೊರೆಯುವ ಜಾಗ 5 ಜಿಬಿ ಮಾತ್ರ. ಅದು ತುಂಬಿದೊಡನೆ ಚಂದಾ ಕಟ್ಟುವಂತೆ ಸಂದೇಶ ಬರುತ್ತದೆ.

ಒಂದೊಂದಾಗಿ ನೋಡಿದರೆ ಇವೆಲ್ಲ ಕ್ಷುಲ್ಲಕ ಬದಲಾವಣೆಗಳೆನಿಸಬಹುದು. ಆದರೆ ದಿನಕ್ಕೆ ನೂರಾರು ಬಾರಿ ಕಡತಗಳನ್ನು ತೆರೆದು, ನಕಲಿಸಿ, ಹೆಸರು ಬದಲಿಸಿ, ರವಾನಿಸುವ ವಕೀಲರು, ಲೆಕ್ಕ ಪರಿಶೋಧಕರು, ಡಿಟಿಪಿ ಕೆಲಸಗಾರರು, ಛಾಯಾಗ್ರಾಹಕರಿಗೆ ಇದು ಅನ್ನದ ಪ್ರಶ್ನೆ. ತಂತ್ರಾಂಶವು ಕೆಲಸಕ್ಕೆ ಹೊಂದಿಕೊಳ್ಳಬೇಕೋ, ಕೆಲಸವೇ ತಂತ್ರಾಂಶಕ್ಕೆ ತಲೆಬಾಗಬೇಕೋ ಎಂಬ ಹಳೆಯ ವಿವಾದ ಮತ್ತೆ ಜೀವಂತವಾಗಿದೆ.

ಎರಡು ನೀಲಿ ಕಿಟಕಿಗಳ ಪರಂಪರೆ

'ಕಡತ' ಎಂಬ ಪದಕ್ಕೆ ಕನ್ನಡದಲ್ಲಿ ಗಣಕಕ್ಕಿಂತ ಬಹಳ ಹಿಂದಿನ ಚರಿತ್ರೆಯಿದೆ. ಹುಣಿಸೆ ಬೀಜದ ಅಂಟು ಹಾಗೂ ಇದ್ದಿಲ ಪುಡಿಯನ್ನು ಬಟ್ಟೆಗೆ ಲೇಪಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿ ಮಾಡುತ್ತಿದ್ದ ಕಪ್ಪು ಪುಸ್ತಕವೇ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರಗಳಾಗಿವೆ. ಬೇಡವಾದದ್ದನ್ನು ಅಳಿಸಿ ಮತ್ತೆ ಬರೆಯಲು ಬರುತ್ತಿದ್ದ ಈ ಸಾಧನ ಲೆಕ್ಕಪತ್ರದ ಅಗತ್ಯದಿಂದಲೇ ರೂಪುಗೊಂಡದ್ದು. ಬರೆಯುವವನ ಕೆಲಸ ಹೇಗಿತ್ತೋ ಕಡತವೂ ಹಾಗಿತ್ತು.

ಗಣಕಯುಗದಲ್ಲಿ ಅಂತಹ ಹೊಂದಾಣಿಕೆಗೆ ಮೊದಲ ಜನಪ್ರಿಯ ರೂಪ ಕೊಟ್ಟ ತಂತ್ರಾಂಶಗಳಲ್ಲಿ ನಾರ್ಟನ್ ಕಮಾಂಡರ್ ಪ್ರಮುಖವಾದುದು. ಡಾಸ್ ಕಾಲದಲ್ಲಿ, ಅಂದರೆ 1986ರಲ್ಲಿ, ಜಾನ್ ಸೋಚಾ ಅದನ್ನು ರೂಪಿಸಿದರು. ನೀಲಿ ಪರದೆಯ ಮೇಲೆ ಅಕ್ಕಪಕ್ಕ ಎರಡು ಪಟ್ಟಿಗಳು. ಒಂದು ಕಡತ ಇರುವ ಜಾಗ, ಇನ್ನೊಂದು ಅದು ಹೋಗಬೇಕಾದ ಜಾಗ. ಎಫ್5 ಒತ್ತಿದರೆ ನಕಲು, ಎಫ್6 ಒತ್ತಿದರೆ ಸ್ಥಳಾಂತರ. ಕಡತದ ಕೆಲಸವೆಂದರೆ ಬಹುಪಾಲು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದೇ ಎಂಬ ಸರಳ ತಿಳಿವಳಿಕೆ ಈ ವಿನ್ಯಾಸದ ಹಿಂದಿತ್ತು.

1990ರ ವಿಂಡೋಸ್ 3.0ರೊಡನೆ ಫೈಲ್ ಮ್ಯಾನೇಜರ್ ಬಂತು. 1995ರಲ್ಲಿ ಅದರ ಸ್ಥಾನಕ್ಕೆ ಎಕ್ಸ್‌ಪ್ಲೋರರ್ ಬಂತು. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯುವ ಕಾಲ ಆರಂಭವಾಯಿತಾದರೂ ಎರಡು ಕಿಟಕಿಗಳ ಪಂಥ ಅಳಿಯಲಿಲ್ಲ. ಸ್ವಿಟ್ಜರ್ಲೆಂಡಿನ ಕ್ರಿಶ್ಚಿಯನ್ ಗೀಸ್ಲರ್ 1993ರಲ್ಲಿ ವಿಂಡೋಸ್ ಕಮಾಂಡರ್ ಎಂಬ ತಂತ್ರಾಂಶವನ್ನು ಹೊರತಂದರು. 'ವಿಂಡೋಸ್' ಎಂಬ ಹೆಸರಿನ ಬಳಕೆಗೆ ಮೈಕ್ರೋಸಾಫ್ಟ್ ಆಕ್ಷೇಪಿಸಿದ್ದರಿಂದ 2002ರಲ್ಲಿ ಅದು ಟೋಟಲ್ ಕಮಾಂಡರ್ ಆಯಿತು. ಮೂರು ದಶಕ ಕಳೆದರೂ ಅದು ಬಳಕೆಯಲ್ಲಿದೆ. ಗುಂಡಿಗಳು, ಕೀಲಿಗಳು, ಕಾಲಂಗಳು, ಬಣ್ಣಗಳು ಎಲ್ಲವನ್ನೂ ಬಳಸುವವರು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ಈ ಹೊಂದಿಕೆಗಳೆಲ್ಲ ಒಂದು ಪುಟ್ಟ ಪಠ್ಯ ಕಡತದಲ್ಲಿ ಕುಳಿತಿರುತ್ತವೆ. ಹೊಸ ಗಣಕಕ್ಕೆ ಆ ಕಡತವನ್ನು ನಕಲಿಸಿಕೊಂಡರೆ ಹಳೆಯ ಮನೆಯೇ ಎದುರಿಗೆ ನಿಲ್ಲುತ್ತದೆ. ಈ ಅಂಶವನ್ನು ಓದುಗರು ನೆನಪಿಡಬೇಕು. ಮುಂದೆ ಇದರ ಅಗತ್ಯ ಬೀಳಲಿದೆ.

ಬಳಕೆದಾರನಿಗೆ ಒಗ್ಗಿದ ಸೌಲಭ್ಯವನ್ನು ಕಿತ್ತುಕೊಳ್ಳುವ ಪ್ರವೃತ್ತಿ ಮೈಕ್ರೋಸಾಫ್ಟ್‌ಗಷ್ಟೇ ಸೀಮಿತವಲ್ಲ. ಮುಕ್ತ ತಂತ್ರಾಂಶದ ಲೋಕದಲ್ಲೂ 2012ರಲ್ಲಿ ಇಂತಹುದೇ ಜಗಳ ನಡೆಯಿತು. ಲಿನಕ್ಸ್ ಬಳಕೆದಾರರಿಗೆ ಪರಿಚಿತವಾದ ಗ್ನೋಮ್ ಯೋಜನೆಯು ತನ್ನ 3.6ನೇ ಆವೃತ್ತಿಯಲ್ಲಿ ನಾಟಿಲಸ್ ಎಂಬ ಕಡತ ನಿರ್ವಾಹಕದಿಂದ ಎರಡು ಕಿಟಕಿಗಳ ಸೌಲಭ್ಯವನ್ನು ತೆಗೆದುಹಾಕಿತು. ತಂತ್ರಾಂಶವನ್ನು ಸರಳಗೊಳಿಸುವುದು ಅದರ ಸಮರ್ಥನೆಯಾಗಿತ್ತು. ಲಿನಕ್ಸ್ ಮಿಂಟ್ ತಂಡಕ್ಕೆ ಅದು ಒಪ್ಪಿಗೆಯಾಗಲಿಲ್ಲ. ಹಳೆಯ ಸಂಕೇತಾವಳಿಯನ್ನೇ ತೆಗೆದುಕೊಂಡು ಅದೇ ವರ್ಷ ನೆಮೋ ಎಂಬ ಬೇರೆ ತಂತ್ರಾಂಶವನ್ನು ಕಟ್ಟಿತು. ಮೂಲ ಸಂಕೇತ ಮುಕ್ತವಾಗಿದ್ದುದರಿಂದಷ್ಟೇ ಇದು ಸಾಧ್ಯವಾಯಿತು. ಮೈಕ್ರೋಸಾಫ್ಟ್ ಕೂಡ 1990ರ ತನ್ನ ಫೈಲ್ ಮ್ಯಾನೇಜರ್‌ನ ಸಂಕೇತವನ್ನು ಸಾರ್ವಜನಿಕಗೊಳಿಸಿತು. ಆದರೆ ಅದಕ್ಕೆ 2018ರವರೆಗೆ ಕಾಯಬೇಕಾಯಿತು.

ಹುಡುಕಿದರೆ ಸಾಕೇ?

ಫೋಲ್ಡರ್‌ಗಳ ಗೊಡವೆಯೇ ಬೇಡ, ಎಲ್ಲವನ್ನೂ ಒಂದೆಡೆ ಸುರಿದು ಬೇಕಾದಾಗ ಹುಡುಕಿದರಾಯಿತು ಎಂಬ ವಾದವೂ ಇದೆ. ಈ ವಾದದ ಅತಿ ದೊಡ್ಡ ಪ್ರಯೋಗ ಮೈಕ್ರೋಸಾಫ್ಟ್‌ನ ವಿನ್‌ಎಫ್‌ಎಸ್. ಕಡತಗಳನ್ನು ದತ್ತಸಂಚಯದಂತೆ ಸಂಗ್ರಹಿಸುವ ಈ ಯೋಜನೆ ವಿಂಡೋಸ್ ವಿಸ್ಟಾದ ಜತೆ ಬರಬೇಕಿತ್ತು. 2004ರಲ್ಲಿ ಅದನ್ನು ವಿಸ್ಟಾದಿಂದ ಕೈಬಿಡಲಾಯಿತು. 2006ರಲ್ಲಿ ಯೋಜನೆಯೇ ರದ್ದಾಯಿತು.

ಮನುಷ್ಯ ಸ್ವಭಾವ ಈ ವಾದಕ್ಕೆ ಅಷ್ಟಾಗಿ ಪುಷ್ಟಿ ಕೊಡುವುದಿಲ್ಲ. 1983ರಲ್ಲಿ ಥಾಮಸ್ ಮಲೋನ್ ಕಚೇರಿ ನೌಕರರ ಮೇಜುಗಳನ್ನು ಅಧ್ಯಯನ ಮಾಡಿ, ಜನರು ಕಾಗದಗಳನ್ನು ಕಡತಗಳಲ್ಲಿ ಜೋಡಿಸುವಂತೆಯೇ ರಾಶಿಗಳಾಗಿಯೂ ಇಟ್ಟುಕೊಳ್ಳುತ್ತಾರೆಂದು ತೋರಿಸಿದರು. ಮೇಜಿನ ಮೇಲಿನ ರಾಶಿ ಅಶಿಸ್ತಿನ ಗುರುತಷ್ಟೇ ಆಗಿರಲಿಲ್ಲ. ಮಾಡಬೇಕಾದ ಕೆಲಸವನ್ನು ಅದು ನೆನಪಿಸುತ್ತಿತ್ತು. ಆಫರ್ ಬರ್ಗ್‌ಮನ್, ಸ್ಟೀವ್ ವಿಟೇಕರ್ ಮೊದಲಾದ ಸಂಶೋಧಕರು ಮುಂದೆ ನಡೆಸಿದ ಅಧ್ಯಯನಗಳು, ಗಣಕದ ಹುಡುಕಾಟ ಎಷ್ಟೇ ಸುಧಾರಿಸಿದರೂ ಜನ ತಮ್ಮ ಸ್ವಂತ ಕಡತಗಳಿಗೆ ಫೋಲ್ಡರ್ ದಾರಿಯಲ್ಲೇ ನಡೆದು ಹೋಗಲು ಇಷ್ಟಪಡುತ್ತಾರೆಂದು ಕಂಡುಕೊಂಡವು. ಇಟ್ಟ ಜಾಗ ಮರೆತಾಗ ಮಾತ್ರ ಹುಡುಕಾಟಕ್ಕೆ ಮೊರೆ.

ಇನ್ನೊಂದು ಬದಿಯೂ ಇದೆ. ಅಮೆರಿಕದ ಕಾಲೇಜುಗಳಲ್ಲಿ ಹೊಸ ಪೀಳಿಗೆಯ ವಿದ್ಯಾರ್ಥಿಗಳಿಗೆ ಕಡತ ಎಲ್ಲಿದೆ ಎಂಬ ಪ್ರಶ್ನೆಯೇ ಅರ್ಥವಾಗುತ್ತಿಲ್ಲವೆಂದು ಪ್ರಾಧ್ಯಾಪಕರು ಹೇಳಿಕೊಂಡದ್ದನ್ನು 'ದಿ ವರ್ಜ್' 2021ರಲ್ಲಿ ವರದಿ ಮಾಡಿತ್ತು. ಮೊಬೈಲಿನಲ್ಲೇ ಬೆಳೆದವರಿಗೆ ಚಿತ್ರ ಗ್ಯಾಲರಿಯಲ್ಲಿದೆ, ಪತ್ರ ವಾಟ್ಸ್‌ಆ್ಯಪ್‌ನಲ್ಲಿದೆ. ಅದಕ್ಕಿಂತ ಹೆಚ್ಚಿನ ವಿಳಾಸ ಅವರಿಗೆ ಬೇಕಾಗಿಲ್ಲ. ವಿಳಾಸ ಬೇಕಾಗುವುದು ಆ ಕಂಪನಿಯನ್ನು ಬಿಟ್ಟು ಹೊರಡುವ ದಿನ.

ವೃತ್ತಿಗೊಂದು ಜೋಡಣೆ

ಒಬ್ಬ ಲೆಕ್ಕ ಪರಿಶೋಧಕರ ಉದಾಹರಣೆ ತೆಗೆದುಕೊಳ್ಳೋಣ. ಕಡತಗಳನ್ನು ಕಕ್ಷಿದಾರರ ಹೆಸರಿನಲ್ಲಿ ಜೋಡಿಸಿ ಒಳಗೆ ವರ್ಷಗಳನ್ನಿಡಬೇಕೋ, ವರ್ಷದ ಕೆಳಗೆ ಕಕ್ಷಿದಾರರನ್ನಿಡಬೇಕೋ? ಜುಲೈ ತಿಂಗಳ ಆದಾಯ ತೆರಿಗೆ ವಿವರಣೆಯ ಧಾವಂತದಲ್ಲಿ ವರ್ಷವಾರು ಜೋಡಣೆ ಅನುಕೂಲ. ಹಳೆಯ ವರ್ಷಕ್ಕೆ ಸಂಬಂಧಿಸಿ ಇಲಾಖೆಯಿಂದ ನೋಟಿಸು ಬಂದಾಗ ಕಕ್ಷಿದಾರವಾರು ಜೋಡಣೆಯೇ ಉಪಯುಕ್ತ. ವರ್ಷವೆಂದರೂ ಯಾವ ವರ್ಷ? ಹಣಕಾಸು ವರ್ಷವೋ, ಕರ ನಿರ್ಧಾರಣೆಯ ವರ್ಷವೋ? 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಆದಾಯ ತೆರಿಗೆ ಕಾಯ್ದೆ, 2025 ಈ ಎರಡರ ಗೊಂದಲವನ್ನು ಬಿಟ್ಟು 'ತೆರಿಗೆ ವರ್ಷ' ಎಂಬ ಒಂದೇ ಪರಿಕಲ್ಪನೆಯನ್ನು ತಂದಿದೆ. ಕರ ನಿರ್ಧಾರಣೆಯ ವರ್ಷದ ಹೆಸರಿನಲ್ಲಿ ಫೋಲ್ಡರ್ ಮಾಡಿಟ್ಟವರು ಹಳತು ಹೊಸತರ ನಡುವೆ ಸ್ಪಷ್ಟ ಗೆರೆ ಎಳೆದುಕೊಳ್ಳದಿದ್ದರೆ, ಒಂದೇ ಅಂಕಿಯ ಎರಡು ಫೋಲ್ಡರ್‌ಗಳಲ್ಲಿ ಬೇರೆ ಬೇರೆ ವರ್ಷದ ಲೆಕ್ಕಗಳು ಕೂಡಿಕೊಳ್ಳುತ್ತವೆ.

ವಕೀಲರದು ಇನ್ನೊಂದು ಪಾಡು. ನಮ್ಮ ನ್ಯಾಯಾಲಯಗಳ ಪ್ರಕರಣ ಸಂಖ್ಯೆಯಲ್ಲಿ ಓರೆಗೆರೆ ಇರುತ್ತದೆ. ಜಮೀನಿನ ಸರ್ವೆ ನಂಬರಿನಲ್ಲೂ ಹಾಗೆಯೇ. ವಿಂಡೋಸ್ ಕಡತದ ಹೆಸರಿನಲ್ಲಿ ಒಂಬತ್ತು ಚಿಹ್ನೆಗಳನ್ನು ನಿಷೇಧಿಸುತ್ತದೆ, ಓರೆಗೆರೆ ಅವುಗಳಲ್ಲೊಂದು. ಆದ್ದರಿಂದ ಒಬ್ಬ ಗುಮಾಸ್ತ ಅಡ್ಡಗೆರೆ ಬಳಸಿದರೆ ಇನ್ನೊಬ್ಬರು ಚುಕ್ಕಿ ಬಳಸುತ್ತಾರೆ, ಮತ್ತೊಬ್ಬರು ಜಾಗ ಬಿಡುತ್ತಾರೆ. ಒಂದೇ ಪ್ರಕರಣ ಮೂರು ಹೆಸರಿನಲ್ಲಿ ಕುಳಿತಿರುತ್ತದೆ. ಯಾವ ತಂತ್ರಾಂಶವೂ ಇದನ್ನು ಸರಿಪಡಿಸದು. ಕಚೇರಿಯಲ್ಲಿ ಎಲ್ಲರೂ ಒಂದು ನಿಯಮಕ್ಕೆ ಒಪ್ಪಬೇಕಾಗುತ್ತದೆ.

ಮದುವೆ ಛಾಯಾಗ್ರಾಹಕರ ಕ್ಯಾಮೆರಾ ಚಿತ್ರಗಳಿಗೆ ನಾಲ್ಕಂಕಿಯ ಸಂಖ್ಯೆ ಕೊಡುತ್ತದೆ. 9999 ದಾಟಿದೊಡನೆ ಎಣಿಕೆ ಮೊದಲಿನಿಂದ ಶುರು. ಎರಡು ಮದುವೆಯ ಚಿತ್ರಗಳು ಒಂದೇ ಹೆಸರು ಹೊತ್ತು ಬಂದಾಗ, ಅವಸರದಲ್ಲಿ ನಕಲಿಸುವವರು ಒಂದರ ಮೇಲೊಂದನ್ನು ಬರೆದು ಕಳೆದುಕೊಳ್ಳುವ ಅಪಾಯ ನಿಜವಾದದ್ದು. ಟೋಟಲ್ ಕಮಾಂಡರ್‌ನ ಸಾಮೂಹಿಕ ಹೆಸರು ಬದಲಾವಣೆಯಾಗಲಿ, ಮೈಕ್ರೋಸಾಫ್ಟ್ ತಾನೇ ಉಚಿತವಾಗಿ ಕೊಡುವ ಪವರ್‌ಟಾಯ್ಸ್‌ನ ಪವರ್‌ರಿನೇಮ್ ಆಗಲಿ ಇಂತಹ ಕಡೆ ನೆರವಿಗೆ ಬರುತ್ತವೆ. ಸಾವಿರ ಚಿತ್ರಗಳಿಗೆ ದಿನಾಂಕ, ಊರು, ಸಂಖ್ಯೆ ಸೇರಿಸುವುದು ನಿಮಿಷದ ಕೆಲಸ.

ಎಲ್ಲ ವೃತ್ತಿಗಳಿಗೂ ಅನ್ವಯಿಸುವ ಎರಡು ಹೊಂದಿಕೆಗಳಿವೆ. ಮೊದಲನೆಯದು ದಿನಾಂಕ. ನಾವು ರೂಢಿಯಂತೆ ದಿನ, ತಿಂಗಳು, ವರ್ಷ ಎಂದು ಬರೆದರೆ ಗಣಕವು ಎಲ್ಲ ತಿಂಗಳ ಒಂದನೇ ತಾರೀಖುಗಳನ್ನು ಒಟ್ಟಿಗೆ ನಿಲ್ಲಿಸುತ್ತದೆ. 2025-10-14 ಎಂದು ವರ್ಷದಿಂದ ಆರಂಭಿಸಿದರೆ ಕಾಲಕ್ರಮ ತಾನಾಗಿ ಬರುತ್ತದೆ. ಎರಡನೆಯದು ಕಡತದ ವಿಸ್ತರಣೆ, ಅಂದರೆ ಹೆಸರಿನ ಕೊನೆಯ ಚುಕ್ಕಿಯ ನಂತರದ ಅಕ್ಷರಗಳು. ವಿಂಡೋಸ್ ಇದನ್ನು ಸಹಜ ಸ್ಥಿತಿಯಲ್ಲಿ ಮರೆಮಾಡುತ್ತದೆ. ಮೇಲ್ನೋಟಕ್ಕೆ ಪಿಡಿಎಫ್‌ನಂತೆ ಕಾಣುವ ಕಡತ ವಾಸ್ತವದಲ್ಲಿ ಕುತಂತ್ರಾಂಶವಾಗಿರಬಹುದು. ಮದುವೆ ಆಮಂತ್ರಣದ ಸೋಗಿನಲ್ಲಿ ವಾಟ್ಸ್‌ಆ್ಯಪ್ ಮೂಲಕ ಎಪಿಕೆ ಕಡತಗಳು ಹರಡುತ್ತಿರುವ ಬಗ್ಗೆ 2024ರಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ಎಚ್ಚರಿಕೆ ನೀಡಿದ್ದು ಇದೇ ಕಾರಣಕ್ಕೆ. ವಿಸ್ತರಣೆಯನ್ನು ತೋರಿಸುವಂತೆ ಮಾಡಿಕೊಳ್ಳುವುದು ಸೌಕರ್ಯಕ್ಕೆ ಮಾತ್ರವಲ್ಲ, ಸುರಕ್ಷತೆಗೂ ಬೇಕು.

ಕನ್ನಡ ಕಲಿತ ದುಬಾರಿ ಪಾಠ

ಹೊಂದಿಕೆಯನ್ನು ಎಲ್ಲಿ ಮಾಡಿಕೊಳ್ಳಬೇಕು ಎಂಬ ಪ್ರಶ್ನೆಗೆ ಕನ್ನಡದಷ್ಟು ಸ್ಪಷ್ಟ ಉತ್ತರ ಬೇರೆ ಕಡೆ ಸಿಗುವುದು ಕಷ್ಟ. 1998ರಲ್ಲಿ ಬರಹ, ಆನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಬಂದವು. ಡಿಟಿಪಿ ಕೇಂದ್ರಗಳಲ್ಲಿ ಶ್ರೀಲಿಪಿ ನೆಲೆಯೂರಿತ್ತು. ಕನ್ನಡ ಟೈಪಿಸುವುದನ್ನು ಇವು ಸಾಧ್ಯವಾಗಿಸಿದವು. ಆ ಉಪಕಾರ ದೊಡ್ಡದು. ಆದರೆ ಅಂದಿನ ತಾಂತ್ರಿಕ ಮಿತಿಯಲ್ಲಿ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕೂರಿಸಬೇಕಾಗಿತ್ತು. ಪರದೆಯ ಮೇಲೆ, ಮುದ್ರಣದಲ್ಲಿ ಅಪ್ಪಟ ಕನ್ನಡ. ಕಡತದೊಳಗೆ ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು.

ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಅಕ್ಷರಶೈಲಿಯೊಂದಿಗೆ ಬಂತು. ಆದರೂ ಪತ್ರಿಕೆ, ಪ್ರಕಾಶನಗಳ ಪುಟವಿನ್ಯಾಸಕ್ಕೆ ಬಳಸುತ್ತಿದ್ದ ಪೇಜ್‌ಮೇಕರ್‌ಗೆ ಯೂನಿಕೋಡ್ ಬಾರದಿದ್ದುದರಿಂದ ಹಳೆಯ ಪದ್ಧತಿ ಬಹುಕಾಲ ಮುಂದುವರಿಯಿತು. ಪರಿಣಾಮವಾಗಿ ಆ ಕಾಲದ ಅಪಾರ ಬರಹ ಇಂದು ಗಣಕದಲ್ಲಿದ್ದೂ ಇಲ್ಲದಂತಾಗಿದೆ. 'ತುಂಗಭದ್ರಾ' ಎಂದು ಹುಡುಕಿದರೆ ಆ ಕಡತಗಳು ಓಗೊಡುವುದಿಲ್ಲ. ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ಓದಲೂ ಬಾರದು. ಪರಿವರ್ತಕಗಳಿವೆ, ಆದರೆ ಪ್ರತಿ ಕಡತ ಯಾವ ಅಕ್ಷರಶೈಲಿಯಲ್ಲಿತ್ತೆಂದು ತಿಳಿದಿರಬೇಕು. ಪರಿವರ್ತನೆಯ ನಂತರ ತಿದ್ದುವ ಕೆಲಸವೂ ಉಳಿಯುತ್ತದೆ. ನಮಗೆ ಬೇಕಾದ ವ್ಯವಸ್ಥೆಯನ್ನು ನಾವು ತೋರಿಕೆಯ ಪದರದಲ್ಲಿ ಕಟ್ಟಿಕೊಂಡೆವು. ಆ ಪದರ ಬದಲಾದಾಗ ವ್ಯವಸ್ಥೆಯೂ ಹೋಯಿತು.

ಕನ್ನಡದಲ್ಲೇ ಕಡತಕ್ಕೆ ಹೆಸರಿಡುವವರಿಗೆ ಇಂದು ಬೇರೆ ಸೂಕ್ಷ್ಮಗಳು ಎದುರಾಗುತ್ತವೆ. ಲಿನಕ್ಸ್‌ನಲ್ಲಿ ಹೆಸರಿನ ಮಿತಿ 255 ಬೈಟ್. ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್ ಬೇಡುವುದರಿಂದ ಅದು 85 ಸಂಕೇತಗಳಿಗೆ ಇಳಿಯುತ್ತದೆ. ಒತ್ತಕ್ಷರ, ಗುಣಿತಗಳು ಎರಡು ಮೂರು ಸಂಕೇತ ನುಂಗುವ ನಮ್ಮ ಲಿಪಿಯಲ್ಲಿ ವಾಸ್ತವ ಮಿತಿ ಇನ್ನೂ ಕಡಿಮೆ. 'ಬಿಲ್' ಎಂಬಂತೆ ಅರ್ಧಾಕ್ಷರದಿಂದ ಮುಗಿಯುವ ಪದಗಳ ಕೊನೆಗೆ ಕೆಲವು ಕೀಲಿಮಣೆಗಳು ಅದೃಶ್ಯ ಚಿಹ್ನೆಯೊಂದನ್ನು ಸೇರಿಸುತ್ತವೆ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳು ಗಣಕಕ್ಕೆ ಬೇರೆ ಬೇರೆ. ಆದ್ದರಿಂದ ಮೊದಲು ಅಂಕಿಗಳಲ್ಲಿ ದಿನಾಂಕ, ನಂತರ ಒಂದೆರಡು ಚಿಕ್ಕ ಕನ್ನಡ ಪದ ಎಂಬ ಕ್ರಮ ಹೆಚ್ಚು ಬಾಳಿಕೆಯದು.

ಮೊಬೈಲಿನ ಕೀಲಿ ಯಾರ ಕೈಯಲ್ಲಿ?

ಮೊಬೈಲಿನಲ್ಲಿ ಬಳಕೆದಾರನ ಅಧಿಕಾರ ಇನ್ನಷ್ಟು ಕುಗ್ಗಿದೆ. ಐಫೋನಿಗೆ ಫೈಲ್ಸ್ ಎಂಬ ಕಡತ ನಿರ್ವಾಹಕ ಬಂದದ್ದೇ 2017ರಲ್ಲಿ. ಆ್ಯಂಡ್ರಾಯ್ಡ್ 2019ರ ತನ್ನ 10ನೇ ಆವೃತ್ತಿಯಿಂದ ಆ್ಯಪ್‌ಗಳು ಇಡೀ ಸಂಗ್ರಹವನ್ನು ನೋಡುವುದನ್ನು ನಿರ್ಬಂಧಿಸತೊಡಗಿತು. ಮರುವರ್ಷ ನಿಯಮ ಬಿಗಿಯಾಯಿತು. ಇದಕ್ಕೆ ಸಕಾರಣವಿದೆ. ಟಾರ್ಚ್ ಆ್ಯಪ್‌ಗೆ ನಮ್ಮ ಬ್ಯಾಂಕ್ ಪತ್ರಗಳನ್ನು ಓದುವ ಅಗತ್ಯವಿಲ್ಲ. ಆದರೆ ಅದೇ ಗೋಡೆ ಬಳಕೆದಾರನೇ ಆರಿಸಿಕೊಂಡ ಕಡತ ನಿರ್ವಾಹಕಕ್ಕೂ ಹಲವೆಡೆ ಅಡ್ಡ ಬರುತ್ತದೆ.

ಕಡತ ನಿರ್ವಾಹಕವೂ ನಂಬಿಕೆಗೆ ಅರ್ಹವಾಗಿರಬೇಕಷ್ಟೆ. ಒಂದು ಕಾಲಕ್ಕೆ ಬಹು ಜನಪ್ರಿಯವಾಗಿದ್ದ ಇಎಸ್ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ, ಅದೇ ವೈಫೈ ಜಾಲದಲ್ಲಿರುವ ಇತರರು ಕಡತಗಳನ್ನು ಎಳೆದುಕೊಳ್ಳಬಹುದಾದ ಲೋಪ 2019ರ ಜನವರಿಯಲ್ಲಿ ಬಯಲಾಯಿತು. ಅದೇ ವರ್ಷ ಅದು ಪ್ಲೇ ಸ್ಟೋರ್‌ನಿಂದ ಮರೆಯಾಯಿತು. ಜಾಹೀರಾತಿಲ್ಲದ ಸರಳ ಆ್ಯಪ್‌ಗಳಿಂದ ಹೆಸರಾಗಿದ್ದ ಸಿಂಪಲ್ ಮೊಬೈಲ್ ಟೂಲ್ಸ್ 2023ರ ಕೊನೆಗೆ ಬೇರೆ ಕಂಪನಿಯ ಪಾಲಾಯಿತು. ಸಂಕೇತ ಮುಕ್ತವಾಗಿದ್ದುದರಿಂದ ಸ್ವಯಂಸೇವಕರು ಫಾಸ್ಸಿಫೈ ಎಂಬ ಹೆಸರಿನಲ್ಲಿ ಅವುಗಳನ್ನು ಮುಂದುವರಿಸಿದರು. ನೆಮೋ ಕಥೆಯೇ ಮೊಬೈಲಿನಲ್ಲಿ ಮರುಕಳಿಸಿತು.

ಬಾಳುವ ಪದರ ಯಾವುದು?

ಅತಿಯಾದ ಸ್ವಂತಿಕೆಗೂ ಬೆಲೆಯಿದೆ ಎಂಬುದನ್ನು ಒಪ್ಪಬೇಕು. ವಿಷಯ ನಿರ್ವಾಹಕರೊಬ್ಬರು ತಮಗೆ ಮಾತ್ರ ತಿಳಿಯುವಂತೆ ಕಡತಗಳನ್ನು ಜೋಡಿಸಿಟ್ಟು ವರ್ಗಾವಣೆಯಾಗಿ ಹೋದರೆ ಬಂದವರಿಗೆ ಅದು ಒಗಟು. ಮನೆಯಲ್ಲೂ ಇದೇ ಮಾತು. ವಿಮಾ ಪತ್ರ, ಆಸ್ತಿ ಪತ್ರಗಳ ಪ್ರತಿಗಳು ಎಲ್ಲಿವೆಯೆಂದು ಒಬ್ಬರಿಗೆ ಮಾತ್ರ ಗೊತ್ತಿದ್ದರೆ, ಅವರಿಲ್ಲದ ದಿನ ಮನೆಯವರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಹಾಗಾಗಿ ಹೊಂದಿಕೆಯನ್ನು ಮೂರು ಪದರಗಳಾಗಿ ನೋಡುವುದು ಒಳ್ಳೆಯದು. ಕಡತದ ಹೆಸರು ಹಾಗೂ ಫೋಲ್ಡರ್‌ಗಳ ಕ್ರಮ ಮೊದಲ ಪದರ. ಇದು ವಿಂಡೋಸ್, ಲಿನಕ್ಸ್, ಪೆನ್‌ಡ್ರೈವ್, ಮೊಬೈಲ್ ಎಲ್ಲೆಡೆ ಹಾಗೆಯೇ ಉಳಿಯುತ್ತದೆ, ಇನ್ನೊಬ್ಬರೂ ಓದಬಹುದು. ಮುಖ್ಯ ವ್ಯವಸ್ಥೆಯನ್ನು ಇಲ್ಲಿಯೇ ಕಟ್ಟಬೇಕು. ತಂತ್ರಾಂಶದ ಗುಂಡಿ, ಕೀಲಿ, ಕಾಲಂಗಳು ಎರಡನೆಯ ಪದರ. ಇಲ್ಲಿ ಮನಸ್ಸಿಗೆ ಬಂದಂತೆ ಬದಲಿಸಿಕೊಳ್ಳಬಹುದು, ಆದರೆ ಆ ಹೊಂದಿಕೆಗಳನ್ನು ಪ್ರತಿ ಮಾಡಿ ಒಯ್ಯಲು ಬರುವ ತಂತ್ರಾಂಶವನ್ನೇ ಆರಿಸಿಕೊಳ್ಳಬೇಕು. ಒಂದು ಕಂಪನಿಯ ಖಾತೆಯೊಳಗೆ ಮಾತ್ರ ಬದುಕುವ ಬಣ್ಣದ ಗುರುತು, ಆಲ್ಬಮ್, ನಕ್ಷತ್ರ ಚಿಹ್ನೆಗಳು ಮೂರನೆಯ ಪದರ. ಕ್ಷಣಿಕ ಅನುಕೂಲಕ್ಕೆ ಬಳಸಲಡ್ಡಿಯಿಲ್ಲ. ಆದರೆ ಖಾತೆ ಮುಚ್ಚಿದ ದಿನ ಅವು ಜತೆಗೆ ಬರುತ್ತವೆಂದು ನೆಚ್ಚಿಕೊಳ್ಳುವಂತಿಲ್ಲ.

ವಿಂಡೋಸ್ 11ಕ್ಕೂ ಒಂದು ದಿನ ಅಕ್ಟೋಬರ್ 14 ಬರುತ್ತದೆ. ಆ ದಿನ ಹೊಸ ಯಂತ್ರದ ಮುಂದೆ ಕುಳಿತವರು ಹತ್ತು ವರ್ಷದ ಹಿಂದಿನ ಪತ್ರವನ್ನು ಹೆಸರು ನೋಡಿಯೇ ಗುರುತಿಸಬಲ್ಲರಾದರೆ, ತಂತ್ರಾಂಶ ಯಾವುದೆಂಬ ಪ್ರಶ್ನೆ ಅವರನ್ನು ಅಷ್ಟಾಗಿ ಕಾಡದು.